ಒಂದು ಪ್ರಶ್ನೆಗೆ ಎಷ್ಟು ಬೆಲೆ? ಶಿಡ್ಲಘಟ್ಟದಿಂದ ಒಂದು ಸಿಇಟಿ ಲೆಕ್ಕ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಲಾಟು ತಂದ ರೈತನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ತನ್ನ ಗೂಡು ಗಟ್ಟಿಯಿದ್ದರಷ್ಟೇ ಸಾಲದು. ಅವತ್ತು ಪಕ್ಕದಲ್ಲಿ ಸುರಿದಿರುವ ಲಾಟು ಹೇಗಿದೆ, ಒಟ್ಟು ಎಷ್ಟು ಮಾಲು ಬಂದಿದೆ ಎಂಬುದೂ ಬೆಲೆಯನ್ನು ಆಡಿಸುತ್ತದೆ. ಮಳೆ ಹಿಡಿದು ಎಲ್ಲರ ಗೂಡೂ ಮೆತ್ತಗಾದ ದಿನ, ತಕ್ಕಮಟ್ಟಿಗೆ ಚೆನ್ನಾಗಿರುವ ಲಾಟಿಗೇ ರೀಲರುಗಳು ಮುಗಿಬೀಳುತ್ತಾರೆ.

ಸಿಇಟಿ ರ‍್ಯಾಂಕೂ ಇಂಥದೇ ಹರಾಜು. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ‘ಪೇಪರ್ ಕಷ್ಟ ಇತ್ತಾ?’ ಎಂದು. ಕಷ್ಟ ಇದ್ದರೆ ಎಲ್ಲರಿಗೂ ಕಷ್ಟ, ಸುಲಭ ಇದ್ದರೆ ಎಲ್ಲರಿಗೂ ಸುಲಭ. ಅದರಿಂದ ಅಂಕ ಏರಿಳಿಯುತ್ತದೆಯೇ ಹೊರತು ಸಾಲಿನಲ್ಲಿ ನಿಂತ ಜಾಗ ತಾನಾಗಿ ಬದಲಾಗುವುದಿಲ್ಲ. ಕೇಳಬೇಕಾದದ್ದು ಬೇರೆ ಪ್ರಶ್ನೆ: ಈ ವರ್ಷ ಒಂದು ಪ್ರಶ್ನೆಗೆ ಎಷ್ಟು ಬೆಲೆ? ಅದನ್ನು ಕಡಿಮೆ ಖರ್ಚಿನಲ್ಲಿ ಎಲ್ಲಿಂದ ದುಡಿಯಬಹುದು? ಸಾದಲಿ, ದಿಬ್ಬೂರಹಳ್ಳಿ, ಮೇಲೂರು, ಜಂಗಮಕೋಟೆ ಕಡೆಯಿಂದ ಪಿಯು ಓದಲು ಬರುವ ಮಕ್ಕಳ ಮನೆಯವರು ಹಾಕಿಕೊಳ್ಳಬಹುದಾದ ಲೆಕ್ಕ ಇಲ್ಲಿದೆ.

ಮೂರು ಪ್ರಶ್ನೆ, ಐದು ಅಂಕ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರನ್ನೂ ಸೇರಿಸಿ 180 ಅಂಕ. ದ್ವಿತೀಯ ಪಿಯುವಿನಲ್ಲಿ ಇದೇ ಮೂರು ವಿಷಯಕ್ಕೆ 300 ಅಂಕ. ಎರಡನ್ನೂ ಶೇಕಡಾಕ್ಕೆ ಇಳಿಸಿ, ಅರ್ಧರ್ಧ ಕೂಡಿಸಿ, 100ಕ್ಕೆ ಬಂದ ಮೊತ್ತದ ಮೇಲೆ ರ‍್ಯಾಂಕ್ ಕಟ್ಟುತ್ತಾರೆ.

ಹಾಗಾದರೆ ಆ ನೂರರಲ್ಲಿ ಸಿಇಟಿಯ ಒಂದು ಪ್ರಶ್ನೆಯ ಪಾಲು 50 ಭಾಗಿಸು 180, ಅಂದರೆ 0.278. ಪಿಯುವಿನ ಒಂದು ಅಂಕದ ಪಾಲು 50 ಭಾಗಿಸು 300, ಅಂದರೆ 0.167. ಸಿಇಟಿಯ 3 ಪ್ರಶ್ನೆ ಪಿಯುವಿನ 5 ಅಂಕಕ್ಕೆ ಸರಿಸಮ. ಈ 3ಕ್ಕೆ 5ರ ದರ ನೆನಪಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಬಾಯಲ್ಲೇ ಆಗುತ್ತದೆ.

ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಒಬ್ಬಳು ಪಿಯುವಿನಲ್ಲಿ 300ಕ್ಕೆ 270 ತೆಗೆದು, ಸಿಇಟಿಯಲ್ಲಿ 180ಕ್ಕೆ 80 ಮಾತ್ರ ಗಳಿಸಿದಳು. ಅವಳ ಮೊತ್ತ 45 ಮತ್ತು 22.22, ಒಟ್ಟು 67.22. ಇನ್ನೊಬ್ಬ ಪಿಯುವಿನಲ್ಲಿ 225ಕ್ಕೇ ನಿಂತ, ಸಿಇಟಿಯಲ್ಲಿ 107 ಗಳಿಸಿದ. ಅವನ ಮೊತ್ತ 37.5 ಮತ್ತು 29.72, ಒಟ್ಟು ಅದೇ 67.22. ಬೋರ್ಡ್ ಪರೀಕ್ಷೆಯಲ್ಲಿ ಹುಡುಗಿ ಮುಂದೆ ಹೋದ 45 ಅಂಕವನ್ನು ಹುಡುಗ 27 ಪ್ರಶ್ನೆಯಲ್ಲಿ, ಅಂದರೆ ವಿಷಯಕ್ಕೆ 9 ಪ್ರಶ್ನೆಯಂತೆ ಸರಿಗಟ್ಟಿದ.

ಇದನ್ನು ಕಂಡು ‘ಪಿಯು ಹೇಗಾದರೂ ಪಾಸಾಗಲಿ, ಸಿಇಟಿ ನೋಡಿಕೊಂಡರೆ ಸಾಕು’ ಎನ್ನುವವರಿದ್ದಾರೆ. ಅದೂ ತಪ್ಪು ಲೆಕ್ಕ. ಪಿಯುವಿನ 300ರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ತಲಾ 30, ಗಣಿತದ ಆಂತರಿಕ ಮೌಲ್ಯಮಾಪನಕ್ಕೆ 20. ಈ 80 ಅಂಕ ರ‍್ಯಾಂಕಿನ ನೂರರಲ್ಲಿ 13.33 ಆಗುತ್ತದೆ. ಪ್ರಯೋಗಾಲಯಕ್ಕೆ ತಪ್ಪದೆ ಹೋಗಿ, ರೆಕಾರ್ಡ್ ಪುಸ್ತಕ ಬರೆದು, ಕೊಟ್ಟ ಅಸೈನ್‌ಮೆಂಟ್ ಮುಗಿಸಿದವರಿಗೆ ದಕ್ಕುವ ಅಂಕ ಇದು. ಇದನ್ನು ಸಿಇಟಿಯಲ್ಲಿ ದುಡಿಯಬೇಕೆಂದರೆ 48 ಪ್ರಶ್ನೆಗೆ ಸರಿಯುತ್ತರ ಬರೆಯಬೇಕು. ಇನ್ನು ಅರ್ಹತೆಯ ಮಾತು: ಎಂಜಿನಿಯರಿಂಗ್ ಸೀಟಿಗೆ ಸಾಮಾನ್ಯ ವರ್ಗದವರು ಪಿಯುವಿನ ಈ ಮೂರು ವಿಷಯಗಳಲ್ಲಿ ಒಟ್ಟು ಶೇ 45, ಅಂದರೆ 135 ಅಂಕ ಪಡೆದಿರಲೇಬೇಕು. ಮೀಸಲಾತಿ ವರ್ಗಗಳಿಗೆ ಶೇ 40, ಅಂದರೆ 120. ಸಿಇಟಿಯಲ್ಲಿ ಎಷ್ಟೇ ಬಂದರೂ ಈ ಹೊಸ್ತಿಲು ದಾಟದವರಿಗೆ ಸೀಟಿಲ್ಲ.

ಐದು ವರ್ಷದಲ್ಲಿ ದರ ಏರಿಳಿದ ಬಗೆ

ಪ್ರಶ್ನೆಯ ಬೆಲೆ ಪ್ರತಿ ವರ್ಷ ಒಂದೇ ಇರಲಿಲ್ಲ. ರ‍್ಯಾಂಕಿನ ನೂರರಲ್ಲಿ ಎಂಜಿನಿಯರಿಂಗ್‌ನ ಒಂದು ಪ್ರಶ್ನೆಯ ಪಾಲು ಹೀಗೆ ನಡೆದು ಬಂತು:

2021: 0.556
2022: 0.278
2023: 0.278
2024: 0.355
2025: 0.278

2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಆ ಆಗಸ್ಟ್‌ನಲ್ಲಿ ನಡೆದ ಸಿಇಟಿಯ ಅಂಕವನ್ನು ಮಾತ್ರ ರ‍್ಯಾಂಕಿಗೆ ಹಿಡಿದರು. ಪ್ರಶ್ನೆಯ ಬೆಲೆ ಏಕಾಏಕಿ ದುಪ್ಪಟ್ಟಾಯಿತು. ಅದರ ಬಾಲ 2022ಕ್ಕೂ ಬಂತು. ಪರೀಕ್ಷೆ ಬರೆಯದೆಯೇ ಪಿಯು ಅಂಕ ಪಡೆದಿದ್ದ 2021ರ ತಂಡದವರು ಮತ್ತೆ ಸಿಇಟಿ ಬರೆದಾಗ ಆ ಅಂಕವನ್ನು ಪರಿಗಣಿಸಬೇಕೇ ಬೇಡವೇ ಎಂಬ ತಕರಾರು ಹೈಕೋರ್ಟ್ ಮೆಟ್ಟಿಲೇರಿತು. ಸುಮಾರು 24 ಸಾವಿರ ಅಭ್ಯರ್ಥಿಗಳ ಭವಿಷ್ಯ ಅದಕ್ಕೆ ಜೋತುಬಿದ್ದಿತ್ತು. ಕೊನೆಗೆ ರ‍್ಯಾಂಕ್ ಪಟ್ಟಿಯನ್ನು ಪರಿಷ್ಕರಿಸಿ ಪ್ರಕಟಿಸಬೇಕಾಯಿತು.

2024ರದ್ದು ಇನ್ನೊಂದು ಕಥೆ. ಏಪ್ರಿಲ್ 18 ಮತ್ತು 19ರಂದು ನಡೆದ ಆ ಪರೀಕ್ಷೆಯಲ್ಲಿ ಪಠ್ಯದಿಂದ ಕೈಬಿಟ್ಟಿದ್ದ ಭಾಗಗಳ ಪ್ರಶ್ನೆಗಳು ಬಂದುವು. ಮಕ್ಕಳು, ಉಪನ್ಯಾಸಕರು ಸಿಡಿದೆದ್ದರು. ತಜ್ಞರ ಸಮಿತಿ ಕೂತು ನೋಡಿ ಒಟ್ಟು 240 ಪ್ರಶ್ನೆಗಳಲ್ಲಿ 50ನ್ನು ಪಠ್ಯಕ್ರಮದ ಹೊರಗಿನವೆಂದು ಗುರುತಿಸಿತು. ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಅವನ್ನು ಬಿಟ್ಟು ಮೌಲ್ಯಮಾಪನ ನಡೆಯಿತು. ಎಂಜಿನಿಯರಿಂಗ್‌ನ ಮೂರು ವಿಷಯಗಳಲ್ಲಿ ಉಳಿದದ್ದು 51, 45, 45, ಒಟ್ಟು 141. ಐವತ್ತನ್ನು 141ರಿಂದ ಭಾಗಿಸಿದರೆ ಪ್ರಶ್ನೆಗೆ 0.355. ಉಳಿದ ಒಂದೊಂದು ಪ್ರಶ್ನೆಯ ಬೆಲೆಯೂ ಸುಮಾರು ಶೇ 28ರಷ್ಟು ಏರಿತು.

ಇಲ್ಲಿ ನಿಜವಾಗಿ ಸೋತವರು ಯಾರು? ಪಠ್ಯದಾಚೆಯ ಪ್ರಶ್ನೆ ಕಂಡು ಬೆವೆತು, ಅದರ ಮೇಲೆ ಮೂರು ನಾಲ್ಕು ನಿಮಿಷ ಕಳೆದು, ತಮಗೆ ಗೊತ್ತಿದ್ದ ಪ್ರಶ್ನೆಗೆ ಸಮಯ ಸಾಲದೆ ಎದ್ದು ಬಂದವರು. ‘ಇದು ನಾನು ಓದಿದ್ದರಲ್ಲಿ ಇಲ್ಲ’ ಎಂದು ಅಂದಾಜಿಗೆ ಒಂದು ವೃತ್ತ ತುಂಬಿ ಮುಂದೆ ಹೋದವರಿಗೆ ನಷ್ಟ ಆಗಲಿಲ್ಲ. ಬಿಟ್ಟುಬಿಡುವುದೂ ಒಂದು ವಿದ್ಯೆ ಎಂದು ಆ ವರ್ಷ ಗೊತ್ತಾಯಿತು.

ಎಂಬತ್ತು ಸೆಕೆಂಡ್

ಪೇಪರ್ ಎಷ್ಟು ಬಿಗಿ ಎಂದು ಅಳೆಯಲು ಸುಲಭದ ಅಳತೆಗೋಲು ಪ್ರಶ್ನೆಗೆ ಸಿಗುವ ಸಮಯ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ 80 ಸೆಕೆಂಡ್. ಖಾಸಗಿ ಕಾಲೇಜುಗಳ ಕಾಮೆಡ್‌–ಕೆ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 180, ಅಂದರೆ 60 ಸೆಕೆಂಡ್. ಜೆಇಇ ಮೇನ್‌ನಲ್ಲಿ 180 ನಿಮಿಷಕ್ಕೆ 75, ಅಂದರೆ 144 ಸೆಕೆಂಡ್. ನೀಟ್‌ನಲ್ಲಿ 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಲು ಹೇಳುತ್ತಿದ್ದರು, ಸಮಯ 2022ರಿಂದ 200 ನಿಮಿಷ. 2025ರಲ್ಲಿ ಆಯ್ಕೆ ಹೋಯಿತು, ಹೆಚ್ಚುವರಿ 20 ನಿಮಿಷವೂ ಹೋಯಿತು. ಪ್ರಶ್ನೆಗೆ 67 ಸೆಕೆಂಡ್ ಇದ್ದದ್ದು 60ಕ್ಕೆ ಇಳಿಯಿತು.

ಸಮಯ ಹೆಚ್ಚಿದ್ದರೆ ಸುಲಭ ಎಂದಲ್ಲ. ಜೆಇಇಯ 144 ಸೆಕೆಂಡಿನ ಪ್ರಶ್ನೆ ಮೂರು ಮೆಟ್ಟಿಲು ಹತ್ತಿಸುತ್ತದೆ. ಸಿಇಟಿಯ ಬಹುಪಾಲು ಪ್ರಶ್ನೆಗಳು ಒಂದೇ ಮೆಟ್ಟಿಲಿನವು. ಸೂತ್ರ ನೆನಪಿದ್ದರೆ 30 ಸೆಕೆಂಡ್, ಇಲ್ಲದಿದ್ದರೆ ಮೂರು ನಿಮಿಷ ಕೊಟ್ಟರೂ ಬಗೆಹರಿಯುವುದಿಲ್ಲ. ಅದಕ್ಕೆ 80 ನಿಮಿಷವನ್ನು ಮೂರು ಸುತ್ತಾಗಿ ಹಂಚಿಕೊಳ್ಳುವುದು ಮೇಲು. ಮೊದಲ 40 ನಿಮಿಷದಲ್ಲಿ ಗೊತ್ತಿರುವ 40 ಪ್ರಶ್ನೆ. ಮುಂದಿನ 25 ನಿಮಿಷದಲ್ಲಿ ಲೆಕ್ಕ ಬಿಡಿಸಬೇಕಾದ 15, ಒಂದಕ್ಕೆ 100 ಸೆಕೆಂಡಿನಂತೆ. ಅಲ್ಲಿಂದ 10 ನಿಮಿಷ ಉಳಿದ 5ಕ್ಕೆ. ಕೊನೆಯ 5 ನಿಮಿಷ ಓಎಂಆರ್ ಶೀಟಿಗೆ ಮೀಸಲು: 60 ಸಾಲಿನಲ್ಲೂ ವೃತ್ತ ತುಂಬಿದೆಯೇ, ಸಾಲು ತಪ್ಪಿದೆಯೇ ಎಂದು ನೋಡಲು.

ಬೆಳಗಿನ ಪೇಪರ್ 10.30ರಿಂದ 11.50, ಮಧ್ಯಾಹ್ನದ್ದು 2.30ರಿಂದ 3.50. ನಡುವೆ 160 ನಿಮಿಷ ಬಿಡುವು. ಎರಡೂ ಪೇಪರಿನ ಸಮಯ ಕೂಡಿಸಿದಷ್ಟು! ಆ ಹೊತ್ತನ್ನು ಮರದ ನೆರಳಿನಲ್ಲಿ ಬೆಳಗಿನ ಉತ್ತರಗಳನ್ನು ಗೆಳೆಯರ ಜೊತೆ ತಾಳೆ ನೋಡುತ್ತ ಕಳೆದರೆ, ತಪ್ಪಾದ ನಾಲ್ಕು ಪ್ರಶ್ನೆ ಮಧ್ಯಾಹ್ನದ ನಾಲ್ಕನ್ನೂ ಜೊತೆಗೆ ಕರೆದೊಯ್ಯುತ್ತವೆ. ಊಟ ಮಾಡಿ ಸುಮ್ಮನೆ ಕೂರುವುದು ಲಾಭ.

ಖಾಲಿ ವೃತ್ತದ ನಷ್ಟ

ನಾಲ್ಕು ಆಯ್ಕೆಯ ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರ ಗುರುತಿಸಿದರೂ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಸಿಇಟಿಯಲ್ಲಿ ತಪ್ಪಿಗೆ ದಂಡವಿಲ್ಲ. ಪ್ರತಿ ಪೇಪರಿನಲ್ಲಿ ಸಮಯ ಸಾಲದೆ 10 ಪ್ರಶ್ನೆ ಖಾಲಿ ಬಿಟ್ಟವನು ಮೂರು ಪೇಪರಿನಲ್ಲಿ 30 ಬಿಟ್ಟಂತಾಯಿತು. ಆ 30ನ್ನು ಸುಮ್ಮನೆ ತುಂಬಿದ್ದರೂ ಸರಾಸರಿ 7.5 ಅಂಕ ಬರುತ್ತಿತ್ತು. ರ‍್ಯಾಂಕಿನ ನೂರರಲ್ಲಿ ಅದು 2.08. ಪಿಯು ಲೆಕ್ಕದಲ್ಲಿ ಹನ್ನೆರಡೂವರೆ ಅಂಕ, ವೃತ್ತ ತುಂಬದ ಸೋಮಾರಿತನಕ್ಕೆ ಹೋಯಿತು.

ಸ್ವಲ್ಪ ತಲೆ ಓಡಿಸಿದರೆ ಲಾಭ ಇನ್ನೂ ಹೆಚ್ಚು. ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಾದರೆ ಆ 30ರಲ್ಲಿ ಸರಾಸರಿ 10 ಸರಿ. ಎರಡನ್ನು ತಳ್ಳಿಹಾಕಬಲ್ಲವನಿಗೆ 15. ಉತ್ತರದ ಏಕಮಾನ ನೋಡುವುದು, ಚಿಹ್ನೆ ಧನವೋ ಋಣವೋ ಎಂದು ನೋಡುವುದು, ಚರಾಕ್ಷರದ ಜಾಗದಲ್ಲಿ 0 ಅಥವಾ 1 ಹಾಕಿ ಪರೀಕ್ಷಿಸುವುದು ಪೂರ್ತಿ ಲೆಕ್ಕ ಬಿಡಿಸದೆಯೇ ಆಯ್ಕೆಗಳನ್ನು ಜಳ್ಳು ತೂರಿದಂತೆ ತೂರುವ ಉಪಾಯಗಳು.

ನೀಟ್‌ನಲ್ಲಿ ಈ ಲೆಕ್ಕ ಬೇರೆ. ಸರಿಗೆ 4, ತಪ್ಪಿಗೆ ಕಳೆಯುವುದು 1. ಕಣ್ಣುಮುಚ್ಚಿ ಗುರುತಿಸಿದರೆ ಸರಾಸರಿ ಲಾಭ ಪ್ರಶ್ನೆಗೆ ಬರೀ 0.25. ಇಪ್ಪತ್ತು ಪ್ರಶ್ನೆಗೆ ಹಾಗೆ ಮಾಡಿದರೆ ಸರಾಸರಿ 5 ಅಂಕ ಬರಬಹುದು. ಆದರೆ ನೂರು ಜನ ಹೀಗೆ ಮಾಡಿದರೆ ಸುಮಾರು 22 ಮಂದಿ ಇದ್ದ ಅಂಕವನ್ನೂ ಕಳೆದುಕೊಳ್ಳುತ್ತಾರೆ. ಒಂದು ಆಯ್ಕೆ ತಳ್ಳಿಹಾಕಿದರೆ ಸರಾಸರಿ ಲಾಭ 0.67, ಎರಡು ತಳ್ಳಿದರೆ 1.5. ಹಾಗಾಗಿ ಸಿಇಟಿಗೆ ‘ಒಂದನ್ನೂ ಬಿಡಬೇಡ’, ನೀಟ್‌ಗೆ ‘ಒಂದನ್ನಾದರೂ ತಳ್ಳದೆ ಮುಟ್ಟಬೇಡ’ ಎಂಬ ಎರಡು ಬೇರೆ ನಿಯಮ ಬೇಕು. ಎರಡೂ ಪರೀಕ್ಷೆ ಬರೆಯುವ ಮಕ್ಕಳು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗಿ ಎಡವುತ್ತಾರೆ.

ಅಂಕಕ್ಕೂ ಸಾಲಿನ ಜಾಗಕ್ಕೂ ಇರುವ ಅಂತರ ತಿಳಿಯಲು ನೀಟ್ ಒಳ್ಳೆಯ ಪಾಠ. ಸಾಮಾನ್ಯ ವರ್ಗಕ್ಕೆ ಅರ್ಹತೆಯ ಕನಿಷ್ಠ ಅಂಕ 720ಕ್ಕೆ 2021ರಲ್ಲಿ 138, 2022ರಲ್ಲಿ 117, 2023ರಲ್ಲಿ 137, 2024ರಲ್ಲಿ 162, 2025ರಲ್ಲಿ 144. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿಗೆ ಪೂರ್ತಿ 720 ಬಂದಿತ್ತು. ಮರುವರ್ಷ ಭೌತಶಾಸ್ತ್ರ ಬೆವರಿಳಿಸಿತು. ಪರೀಕ್ಷೆ ಬರೆದ 22.09 ಲಕ್ಷ ಜನರಲ್ಲಿ ಅತಿ ಹೆಚ್ಚು ಅಂಕ 686. 650 ದಾಟಿದವರು 73 ಮಂದಿ ಮಾತ್ರ. 2024ರ ಕಟ್-ಆಫ್ ನೋಡಿ ಎದೆಗುಂದಿದ ಎಷ್ಟೋ ಮಕ್ಕಳು ಮರುವರ್ಷ ಅದಕ್ಕಿಂತ ಕಡಿಮೆ ಅಂಕಕ್ಕೆ ಒಳ್ಳೆಯ ರ‍್ಯಾಂಕ್ ಕಂಡರು. ಹೋದ ವರ್ಷದ ಅಂಕವನ್ನು ಈ ವರ್ಷದ ಗುರಿಯಾಗಿ ಗೋಡೆಗೆ ಅಂಟಿಸಿಕೊಳ್ಳಬಾರದು. ಹೋದ ವಾರದ ಗೂಡಿನ ರೇಟು ಕೇಳಿಕೊಂಡು ಈ ವಾರ ಮಾರುಕಟ್ಟೆಗೆ ಬಂದಂತಾಗುತ್ತದೆ.

ಒಂದು ಬೆಳೆಯ ಕಾಲ

ಈಚಿನ ವರ್ಷಗಳಲ್ಲಿ ಪರೀಕ್ಷೆಯನ್ನು ಬಿಗಿ ಮಾಡಿದ್ದು ಪ್ರಶ್ನೆಗಳಿಗಿಂತ ಹೆಚ್ಚಾಗಿ ಕ್ಯಾಲೆಂಡರ್. 2023ರಲ್ಲಿ ದ್ವಿತೀಯ ಪಿಯು ವೇಳಾಪಟ್ಟಿ ಮುಗಿದದ್ದು ಮಾರ್ಚ್ 29ಕ್ಕೆ, ಸಿಇಟಿ ಮೇ 20ಕ್ಕೆ: ನಡುವೆ 52 ದಿನ. 2024ರಲ್ಲಿ ಮಾರ್ಚ್ 22ರಿಂದ ಏಪ್ರಿಲ್ 18ಕ್ಕೆ 27 ದಿನ. 2025ರಲ್ಲಿ ಮಾರ್ಚ್ 20ರಿಂದ ಏಪ್ರಿಲ್ 16ಕ್ಕೆ ಮತ್ತೆ 27 ದಿನ. ಆ ಎರಡು ವರ್ಷ ತಯಾರಿಯ ಕಾಲ ಅರ್ಧಕ್ಕೆ ಇಳಿಯಿತು.

ಇಪ್ಪತ್ತೇಳು ದಿನ ಎಂದರೆ ಏನೆಂದು ಶಿಡ್ಲಘಟ್ಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೊಟ್ಟೆ ಒಡೆದು ಚಾಕಿ ಎತ್ತಿದ ದಿನದಿಂದ ನಾಲ್ಕು ಜ್ವರ ಕಳೆದು ಹುಳು ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಏರಲು ಹೆಚ್ಚು ಕಡಿಮೆ ಅಷ್ಟೇ ದಿನ. ಬದುಕಿನುದ್ದಕ್ಕೂ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚನ್ನು ಹುಳು ಕೊನೆಯ ಹಂತದ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆದರೆ ಮೊದಲ ಹಂತದ ಸಾಕಣೆಯಾದ ಚಾಕಿ ಕೆಟ್ಟಿದ್ದರೆ ಕೊನೆಗೆ ಎಷ್ಟು ಸೊಪ್ಪು ಹಾಕಿದರೂ ಗೂಡು ಗಟ್ಟಿಯಾಗುವುದಿಲ್ಲ.

ಸಿಇಟಿಯ ಚಾಕಿ ಎಂದರೆ ಪ್ರಥಮ ಪಿಯು. ಸಿಇಟಿಯ ಪಠ್ಯ ಎರಡೂ ವರ್ಷದ್ದು. ಅರವತ್ತರಲ್ಲಿ ಮೂರನೇ ಒಂದು ಭಾಗ ಮೊದಲ ವರ್ಷದಿಂದ ಬಂತೆಂದು ಇಟ್ಟುಕೊಂಡರೂ ಮೂರು ಪೇಪರಿಗೆ 60 ಪ್ರಶ್ನೆ, ರ‍್ಯಾಂಕಿನ ನೂರರಲ್ಲಿ 16.67. ಪ್ರಥಮ ಪಿಯುವನ್ನು ‘ಬೋರ್ಡ್ ಪರೀಕ್ಷೆಯ ವರ್ಷವಲ್ಲ’ ಎಂದು ಆಟಕ್ಕೆ ಬಿಟ್ಟು, ಮಾರ್ಚ್ ಕೊನೆಯಲ್ಲಿ ಆ ಪುಸ್ತಕದ ಧೂಳು ಒರೆಸಿದರೆ 27 ದಿನ ಸಾಲುವುದಿಲ್ಲ.

ಓದಿದವರಿಗೆ ಆ 27 ದಿನ ಸಾಕಾಗುತ್ತದೆ. ದಿನಕ್ಕೆ ಆರು ಗಂಟೆಯಂತೆ 162 ಗಂಟೆ. ಮೂರು ವಿಷಯದ ಹಳೆಯ ಪ್ರಶ್ನೆಪತ್ರಿಕೆಯ ಒಂದು ಸೆಟ್ಟಿಗೆ ನಾಲ್ಕು ಗಂಟೆ. ಹತ್ತು ವರ್ಷದ ಸೆಟ್ಟಿಗೆ 40 ಗಂಟೆ. ತಪ್ಪಾದವನ್ನು ಪುಸ್ತಕ ತೆರೆದು ತಿದ್ದಿಕೊಳ್ಳಲು ಇನ್ನೊಂದು 40. ಉಳಿದ 82 ಗಂಟೆ ಅಧ್ಯಾಯವಾರು ಪುನರಾವರ್ತನೆಗೆ. ಹಳೆಯ ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರಗಳು ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತವೆ. ಐಐಟಿ ಕಾನ್ಪುರ ಕೇಂದ್ರ ಶಿಕ್ಷಣ ಸಚಿವಾಲಯದ ಜೊತೆ 2023ರಲ್ಲಿ ಆರಂಭಿಸಿದ ‘ಸಾಥೀ’ ಜಾಲತಾಣದಲ್ಲಿ ಜೆಇಇ, ನೀಟ್ ಪಾಠಗಳನ್ನು ಕಾಸು ಕೊಡದೆ ನೋಡಬಹುದು. ಹಳೆಯ ಪೇಪರ್ ಬಿಡಿಸುವಾಗ ಒಂದು ಎಚ್ಚರ ಬೇಕು: ಕೈಬಿಟ್ಟ ಪಾಠದ ಪ್ರಶ್ನೆಗಳನ್ನು ಈಗಿನ ಪಠ್ಯಕ್ರಮ ಮುಂದಿಟ್ಟುಕೊಂಡು ಗುರುತು ಹಾಕಿ ಬಿಡಬೇಕು.

ಬಸ್ಸಿನಲ್ಲಿ ಹೋಗುವ 180 ಪ್ರಶ್ನೆ

ಒಳ್ಳೆಯ ಕೋಚಿಂಗ್ ಬೇಕೆಂದು ಮಗನನ್ನೋ ಮಗಳನ್ನೋ ಬೆಂಗಳೂರಿಗೆ ದಿನವೂ ಓಡಾಡಿಸುವ ಮನೆಗಳಿವೆ. ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ ಎಂದು ಹಿಡಿಯಿರಿ. ನಾಲ್ಕು ಗಂಟೆ ಎಂದರೆ 14,400 ಸೆಕೆಂಡ್. ಪ್ರಶ್ನೆಗೆ 80ರಂತೆ ಭಾಗಿಸಿದರೆ ಬರುವುದು ಸರಿಯಾಗಿ 180. ದಿನವೂ ಒಂದು ಪೂರ್ತಿ ಸಿಇಟಿ ಬಸ್ಸಿನ ಕಿಟಕಿಯಾಚೆ ಹಾರಿಹೋಗುತ್ತದೆ. ಸುಮಾರು 20 ಕಿಲೋಮೀಟರ್ ದೂರದ ಚಿಕ್ಕಬಳ್ಳಾಪುರದಲ್ಲೋ ಇಲ್ಲೇ ಊರಿನಲ್ಲೋ ಪಿಯು ಓದಿ, ಉಳಿದ ಹೊತ್ತನ್ನು ಹಳೆಯ ಪ್ರಶ್ನೆಪತ್ರಿಕೆಗೆ ಕೊಡುವವರು ಈ ವ್ಯಾಪಾರದಲ್ಲಿ ನಷ್ಟ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನ ಪಾಠ ಈ 180 ಪ್ರಶ್ನೆಗಿಂತ ಹೆಚ್ಚಿನದನ್ನು ಕೊಡುತ್ತದೆಯೇ ಎಂಬುದನ್ನು ಪ್ರತಿ ಮನೆಯವರೂ ತಾವೇ ತೂಗಿ ನೋಡಬೇಕು.

ಸೀಟಿನ ಬೆಲೆ, ಗೂಡಿನ ಲೆಕ್ಕದಲ್ಲಿ

ಕರ್ನಾಟಕದಲ್ಲಿ ಸಿಇಟಿ ಹುಟ್ಟಿದ್ದೇ ಸೀಟಿನ ಬೆಲೆಯ ಜಗಳದಿಂದ. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನ ವರ್ಷದ ಶುಲ್ಕ ಸರ್ಕಾರಿ ಸೀಟಿಗೆ 2,000 ರೂ., ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಕಾಲೇಜೊಂದರ ಶುಲ್ಕದ ವಿರುದ್ಧ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ತೀರ್ಪು ಬಂತು. ಮರುವರ್ಷ ಇದೇ ವಿಷಯದ ಉನ್ನಿಕೃಷ್ಣನ್ ಪ್ರಕರಣದ ತೀರ್ಪು. ಅವುಗಳ ಬೆನ್ನಲ್ಲೇ 1994ರಲ್ಲಿ ರಾಜ್ಯದಲ್ಲಿ ಸಿಇಟಿ ಘಟಕ ಆರಂಭವಾಯಿತು. 2017ರಿಂದ ವೈದ್ಯಕೀಯ ಸೀಟುಗಳು ನೀಟ್ ಪಾಲಾದುವು.

ಅಂದು ಅತಿ ಕಡಿಮೆಗೂ ಅತಿ ಹೆಚ್ಚಿಗೂ ಇದ್ದ ಅಂತರ 30 ಪಟ್ಟು. ಇಂದು ಎಂಜಿನಿಯರಿಂಗ್‌ನಲ್ಲಿ ಸಿಇಟಿ ಸೀಟಿಗೂ ಕಾಮೆಡ್‌–ಕೆ ಸೀಟಿಗೂ ಇರುವ ಅಂತರ ಎರಡರಿಂದ ಮೂರೂವರೆ ಪಟ್ಟು, ಆದರೂ ರೈತನ ಮನೆಗೆ ಅದು ಸಣ್ಣ ಮೊತ್ತವಲ್ಲ. 2024–25ರಲ್ಲಿ ಖಾಸಗಿ ಕಾಲೇಜಿನ ಸಿಇಟಿ ಸೀಟಿನ ಶುಲ್ಕ ಕಾಲೇಜಿನ ವರ್ಗಕ್ಕೆ ತಕ್ಕಂತೆ ಸುಮಾರು 76 ಸಾವಿರ ಇಲ್ಲವೇ 85 ಸಾವಿರ. ಕಾಮೆಡ್‌–ಕೆ ಸೀಟಿಗೆ ಸುಮಾರು 1.86 ಲಕ್ಷ ಇಲ್ಲವೇ 2.61 ಲಕ್ಷ. ಅತಿ ಕಡಿಮೆ ಅಂತರ ಹಿಡಿದರೂ ವರ್ಷಕ್ಕೆ ಒಂದು ಲಕ್ಷ, ನಾಲ್ಕು ವರ್ಷಕ್ಕೆ ನಾಲ್ಕು ಲಕ್ಷ.

ಗೂಡಿಗೆ ಕೆ.ಜಿ.ಗೆ 500 ರೂಪಾಯಿ ಸಿಕ್ಕಿತೆಂದು ಇಟ್ಟುಕೊಳ್ಳಿ. ನಾಲ್ಕು ಲಕ್ಷಕ್ಕೆ 800 ಕೆ.ಜಿ. ಗೂಡು ಬೇಕು. ನೂರು ಮೊಟ್ಟೆಗೆ 65 ಕೆ.ಜಿ. ಇಳುವರಿಯೆಂದರೆ ಸುಮಾರು 1,230 ಮೊಟ್ಟೆ ಮೇಯಿಸಬೇಕು. ಬೆಳೆಗೆ 200 ಮೊಟ್ಟೆ ಕಟ್ಟುವ ಮನೆಗೆ ಅದು ಆರು ಬೆಳೆಗೂ ಮಿಗಿಲು. ಅದೂ ಚಾಕಿ, ಗೊಬ್ಬರ, ಕೂಲಿ, ಕರೆಂಟು ಎಂದು ಒಂದು ಪೈಸೆ ಕಳೆಯದೆ! ಮಾರ್ಚ್–ಏಪ್ರಿಲ್‌ನ ಸೆಖೆಯಲ್ಲಿ ಹುಳು ಮನೆಯ ಗೋಣಿ ತಟ್ಟಿಗೆ ನೀರು ಚಿಮುಕಿಸುತ್ತ ಮಗಳಿಗೆ ‘ನೀನು ಓದ್ಕೋ, ಸೊಪ್ಪು ನಾನು ಹಾಕ್ತೀನಿ’ ಎನ್ನುವ ತಾಯಿಗೆ ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಬೇಕಿಲ್ಲ.

ಪುಸ್ತಕದಾಚೆ ಸಿಗುವ ಅಂಕ

ಒಂದನೇ ತರಗತಿಯಿಂದ ಹತ್ತರವರೆಗೆ ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. 60 ಸೀಟಿನ ಲೆಕ್ಕದಲ್ಲಿ 9 ಮತ್ತು 3. ಇವು ಆಯಾ ವರ್ಗದ ಒಳಗೇ ಹಂಚಿಕೆಯಾಗುತ್ತವೆ. ಹತ್ತು ವರ್ಷ ಎಂದರೆ ಹತ್ತೂ ವರ್ಷ. ಹಳ್ಳಿ ಶಾಲೆಯಲ್ಲಿ ಏಳು ಮುಗಿಸಿ, ಇಂಗ್ಲಿಷ್ ಮಾಧ್ಯಮದ ಆಸೆಗೆ ಎಂಟಕ್ಕೆ ಪಟ್ಟಣದ ಶಾಲೆ ಸೇರಿದ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಕಟ್ಟಿದ ಫೀಸಿನ ಜೊತೆಗೆ ಹೋಗುವ ಈ ಖರ್ಚು ರಸೀದಿಯಲ್ಲಿ ಕಾಣಿಸುವುದಿಲ್ಲ. ಪಟ್ಟಣದ ಶಾಲೆ ಬೇಡ ಎಂದು ಇದರ ಅರ್ಥವಲ್ಲ, ಸೇರಿಸುವ ದಿನ ಇದೂ ಲೆಕ್ಕದಲ್ಲಿರಲಿ ಎಂದಷ್ಟೇ. ಅರ್ಹರಾದವರು ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಮೊಹರನ್ನು, ಜಾತಿ–ಆದಾಯ ಪ್ರಮಾಣಪತ್ರವನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಇನ್ನೊಂದು ಬಾಗಿಲನ್ನು ಈ ತಾಲ್ಲೂಕಿನ ಮಕ್ಕಳು ಮರೆಯಬಾರದು. ಬಿಎಸ್ಸಿ ಕೃಷಿ, ತೋಟಗಾರಿಕೆ, ರೇಷ್ಮೆಯಂಥ ಕೋರ್ಸುಗಳಿಗೂ ಪ್ರವೇಶ ಸಿಇಟಿಯ ಮೂಲಕವೇ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗಿಡ, ಗೊಬ್ಬರ, ಸಲಕರಣೆ ಗುರುತಿಸುವ ಆ ಪರೀಕ್ಷೆಗೆ ಹೊಲದಲ್ಲಿ ಬೆಳೆದ ಮಗು ಕೋಚಿಂಗಿಗೆ ಹೋಗಬೇಕಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯ ಇರುವುದು ಪಕ್ಕದ ಚಿಂತಾಮಣಿಯಲ್ಲೇ. ಎಂಜಿನಿಯರಿಂಗ್ ಬಯಸುವವರಿಗೆ ಚಿಕ್ಕಬಳ್ಳಾಪುರದಲ್ಲಿ 1986ರಿಂದ ಎಸ್‌ಜೆಸಿ ತಾಂತ್ರಿಕ ಕಾಲೇಜಿದೆ. ಆದರೆ ಕೃಷಿ ಬಾಗಿಲು ತೆರೆಯಬೇಕೆಂದರೆ ಪಿಯುವಿನಲ್ಲಿ ಜೀವಶಾಸ್ತ್ರ ಇರಬೇಕು, ಸಿಇಟಿಯಲ್ಲಿ ಆ ಪೇಪರನ್ನೂ ಬರೆಯಬೇಕು. ಎಂಜಿನಿಯರಿಂಗ್ ಸಾಕೆಂದು ಅದಕ್ಕೆ ಹಾಜರಾಗದವರು 80 ನಿಮಿಷ ಉಳಿಸಿ ಒಂದು ಬಾಗಿಲನ್ನೇ ಮುಚ್ಚಿಕೊಳ್ಳುತ್ತಾರೆ.

ಕೊನೆಗೆ ಉಳಿಯುವ ಅಂಕಿ

ಪೇಪರ್ ಕಷ್ಟ ಬರುವುದೋ ಸುಲಭ ಬರುವುದೋ ಯಾರ ಕೈಯಲ್ಲೂ ಇಲ್ಲ. ವಿದ್ಯಾರ್ಥಿಯ ಕೈಯಲ್ಲಿರುವುದನ್ನು ಒಂದೆಡೆ ಕೂಡಿಸೋಣ. ಪ್ರಾಯೋಗಿಕ ಮತ್ತು ಆಂತರಿಕ ಅಂಕ 13.33. ಪ್ರಥಮ ಪಿಯು ಪುಸ್ತಕದಿಂದ ಅಂದಾಜು 16.67. ಖಾಲಿ ಬಿಡದೆ ತುಂಬಿದ 30 ವೃತ್ತ 2.08. ಒಟ್ಟು 32.08. ರ‍್ಯಾಂಕಿನ ನೂರರಲ್ಲಿ ಸುಮಾರು ಮೂರನೇ ಒಂದು ಭಾಗ, ಪೇಪರ್ ಕಷ್ಟವೋ ಸುಲಭವೋ ಎಂಬುದಕ್ಕಿಂತ ಹೆಚ್ಚಾಗಿ ಶಿಸ್ತಿನ ಮೇಲೆ ನಿಂತಿದೆ. ಇದಕ್ಕೆ ಕಟ್ಟಬೇಕಾದ ಕೋಚಿಂಗ್ ಫೀಸು ಸೊನ್ನೆ.